ಶಿರಸಿ ಕಡೆ ತೋಟ ಕೊಳ್ಳುವವರು ಬೆಟ್ಟದ ಪಹಣಿಯನ್ನು ಪೂರ್ತಿ ಓದಿಕೊಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ಹುಡುಕಿಕೊಂಡು ಬರುವ ಹೊರಗಿನವರಿಗೆ, ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಗುಡ್ಡದ ಜಾಗ, ಸೇರಿಯೇ ಬರುತ್ತದೆ ಎಂದು ದಲ್ಲಾಳಿಗಳು ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ನನ್ನ ಅಕ್ಕ ಮತ್ತು ಭಾವ ಹಣ ಕಳೆದುಕೊಂಡದ್ದು ಉಳಿದರ್ಧದಲ್ಲಿ.

ಹುಬ್ಬಳ್ಳಿಯಲ್ಲಿ ನೌಕರಿ ಮುಗಿಸಿದ ಭಾವನವರಿಗೆ ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ಸಣ್ಣ ತೋಟ ಕೊಂಡು, ಅದರ ಮೇಲ್ಗಡೆಯ ದಿಬ್ಬದಲ್ಲಿ ಮನೆಯನ್ನೂ ಹೋಮ್‌ಸ್ಟೇಗೆಂದು ಎರಡು ಕೋಣೆಗಳನ್ನೂ ಕಟ್ಟಬೇಕೆಂಬ ಆಸೆಯಿತ್ತು. ದಲ್ಲಾಳಿ ಅವರನ್ನು ಬೆಟ್ಟದ ಗಡಿಯ ಸುತ್ತ ನಡೆಸಿ, ಪಹಣಿಯಲ್ಲಿ ಮಾರುವವರ ಹೆಸರಿರುವುದನ್ನು ಬೆರಳಿಟ್ಟು ತೋರಿಸಿದ. ಹೆಸರು ನಿಜಕ್ಕೂ ಇತ್ತು. ಆದರೆ ಅದು ಇದ್ದದ್ದು ಸ್ವಾಧೀನದಾರರ 9ನೇ ಕಾಲಂನಲ್ಲಲ್ಲ, ಇತರೆ ಹಕ್ಕುಗಳನ್ನು ನಮೂದಿಸುವ 11ನೇ ಕಾಲಂನಲ್ಲಿ. 9ರಲ್ಲಿದ್ದದ್ದು ಸರ್ಕಾರ. ತೋಟದ ಬೆಲೆಯ ಮೇಲೆ ಬೆಟ್ಟದ ಲೆಕ್ಕವೆಂದು ದೊಡ್ಡ ಮೊತ್ತವೊಂದನ್ನು ನಗದಾಗಿ ಪಡೆದ ಮಾರಾಟಗಾರರು ಅದಕ್ಕೆ ಚೀಟಿಯನ್ನೂ ಕೊಡಲಿಲ್ಲ.

ಸೊಪ್ಪಿನ ಬೆಟ್ಟವೆಂಬುದು ತೋಟಕ್ಕೆ ಅಂಟಿಕೊಂಡ ಸವಲತ್ತೇ ಹೊರತು ಮಾಲ್ಕಿ (ಸ್ವಂತ ಒಡೆತನದ) ಜಮೀನಲ್ಲ. ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ), ಕರಡ (ಒಣ ಹುಲ್ಲು), ಉರುವಲನ್ನು ಅಲ್ಲಿಂದ ತಂದುಕೊಳ್ಳುವ ಈ ಹಕ್ಕು ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 79ನೇ ಕಲಮು ಇಂಥವೇ ಸವಲತ್ತಿನ ಜಮೀನುಗಳಾದ ಕುಮ್ಕಿ, ಬಾಣೆ, ಕಾನೆಗಳ ಜೊತೆಗೆ ಸೊಪ್ಪಿನ ಬೆಟ್ಟವನ್ನೂ ಹೆಸರಿಸಿ ಈ ಸವಲತ್ತನ್ನು ಉಳಿಸಿದೆ. ತೋಟ ಮಾರಿದಾಗ ಸವಲತ್ತು ತೋಟದ ಹಿಂದೆಯೇ ಹೋಗುತ್ತದೆ, ನೆಲ ಹೋಗುವುದಿಲ್ಲ. ಸ್ವಂತ ನೆಲವಲ್ಲದ್ದನ್ನು ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಲು ಬರುವುದಿಲ್ಲ. ಅದು ಅರಣ್ಯವೆಂದು ದಾಖಲಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಅಡ್ಡ ಬರುತ್ತದೆ.

ದಿಬ್ಬ ಸಮ ಮಾಡಲು ಜೆಸಿಬಿ ತರಿಸಿದ ಮೇಲೆಯೇ ಇದೆಲ್ಲ ಹೊರಬಿದ್ದದ್ದು. ಮೊದಲು ತಕರಾರು ತೆಗೆದವರು ಅದೇ ಕೇರಿಯ ತೋಟಿಗರು, ಏಕೆಂದರೆ ಅದು ನಾಲ್ಕಾರು ತೋಟಗಳಿಗೆ ಸೇರಿದ ಸಾಮೂಹಿಕ ಬೆಟ್ಟವಾಗಿತ್ತು. ಹಿಂದೆಯೇ ಅರಣ್ಯ ಇಲಾಖೆಯ ನೋಟಿಸು ಬಂತು. ಕೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಸೊಪ್ಪಿನ ಜಾಗವನ್ನು ಇನ್ನೊಬ್ಬರು ಅಗೆಸುತ್ತಿದ್ದರೆ ಅವರು ಸುಮ್ಮನಿರಬೇಕಿತ್ತೆ?

ವಕೀಲರು ಕ್ರಯಪತ್ರವನ್ನು ಓದಿ, ಅದರಲ್ಲಿ ಸುಳ್ಳು ಒಂದೂ ಇಲ್ಲ ಎಂದರು. ತೋಟದ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಎಲ್ಲವೂ ಸರಿಯಾಗಿದ್ದವು. ಕೊನೆಯಲ್ಲಿ "ಬೆಟ್ಟದ ಸವಲತ್ತು ಸಹಿತ" ಎಂದಿತ್ತು. ಬೆಟ್ಟವನ್ನೇ ಬರೆದುಕೊಟ್ಟಿದ್ದಾರೆ ಎಂದು ದಲ್ಲಾಳಿ ಹೇಳಿದ್ದು ಈ ಸಾಲನ್ನು ತೋರಿಸಿಯೇ. ನೋಂದಣಿಯಾದ ಪತ್ರದ ಒಕ್ಕಣೆಗೆ ವಿರುದ್ಧವಾದ ಬಾಯಿಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಮೋಸವಾಗಿದೆಯೆಂದು ವಾದಿಸುವ ದಾರಿ ತೆರೆದಿದೆಯಾದರೂ, ನಗದಾಗಿ ಕೊಟ್ಟ ಹಣಕ್ಕೆ ಪುರಾವೆ ಎಲ್ಲಿಂದ ತರುವುದು? ಈಗ ಅವರ ಕೈಯಲ್ಲಿ ಉಳಿದಿರುವುದು ತೋಟ ಮತ್ತು ಸೊಪ್ಪು ತರುವ ಹಕ್ಕು.

ಆದ್ದರಿಂದ ಮುಂಗಡ ಕೊಡುವ ಮೊದಲೇ ತೋಟದ ಮತ್ತು ಬೆಟ್ಟದ ಸರ್ವೆ ನಂಬರುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಂಡು, ಎರಡರ ಪಹಣಿಯನ್ನೂ ನೀವೇ ತೆಗೆಸಿ, 9 ಮತ್ತು 11ನೇ ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಖರಾಬಿನ, ಅಂದರೆ ಸಾಗುವಳಿಗೆ ಬಾರದ ನೆಲದ, ಸಾಲನ್ನೂ ಬಿಡಬೇಡಿ, ಏಕೆಂದರೆ ಬೆಟ್ಟದ ಪಹಣಿಯಲ್ಲಿ 'ಬ ಖರಾಬು' (ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಸರ್ಕಾರಿ ನೆಲ) ಎಂಬ ನಮೂದು ಈ ಜಿಲ್ಲೆಯಲ್ಲಿ ಹಳೆಯ ರೈತರನ್ನೂ ತಲೆಬಿಸಿಗೆ ದೂಡಿದೆ. ಋಣಭಾರ ಪತ್ರದಲ್ಲಿ ಏನೂ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಅದು ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆಯೇ ವಿನಾ ನೆಲ ಅರಣ್ಯವೋ ಅಲ್ಲವೋ ಎಂಬುದನ್ನಲ್ಲ. ಅದನ್ನು ವಲಯ ಅರಣ್ಯಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಕೇಳಬೇಕು. ಮನೆ ಕಟ್ಟುವ ಉದ್ದೇಶವಿದ್ದರೆ ಆ ಜಾಗ ಮಾಲ್ಕಿ ನಂಬರಿನೊಳಗೇ ಬೀಳುತ್ತದೆಯೇ ಎಂದು ಸರ್ವೆಯವರಿಂದ ಅಳೆಸಿ ಕಲ್ಲು ಹಾಕಿಸಿಕೊಳ್ಳಿ. ಬೆಟ್ಟಕ್ಕೆಂದು ಬೇರೆ ಹಣ ಕೇಳಿದರೆ ಆ ಮೊತ್ತವನ್ನು ಕ್ರಯಪತ್ರದಲ್ಲಿ ಕಾಣಿಸಿ, ಬ್ಯಾಂಕಿನ ಮೂಲಕವೇ ಕೊಡುತ್ತೇವೆ ಎನ್ನಿ. ಒಪ್ಪದಿದ್ದರೆ ಆ ವ್ಯವಹಾರವನ್ನು ಅಲ್ಲಿಗೇ ಬಿಟ್ಟುಬಿಡಿ.