ಕ್ಯಾನನ್ 200ಡಿ ಮಾರ್ಕ್ 2: ಮ್ಯಾನುಯಲ್ ಕಲಿಯುವವರಿಗೆ ಹೇಗಿದೆ?

2019ರಲ್ಲಿ ಬಂದ ಈ ಡಿಎಸ್‌ಎಲ್‌ಆರ್ ಕ್ಯಾಮೆರಾ ಮ್ಯಾನುಯಲ್ ಮೋಡ್ (ಬೆಳಕಿನ ಹೊಂದಾಣಿಕೆಯನ್ನು ನಾವೇ ಮಾಡುವುದು) ಕಲಿಯಲು ಇವತ್ತಿಗೂ ಒಳ್ಳೆಯದೇ. ಬ್ಯಾಟರಿ, ಕಾರ್ಡ್ ಸೇರಿ ಸುಮಾರು 450 ಗ್ರಾಂ. ಇಡೀ ದಿನ ಕೊರಳಲ್ಲಿದ್ದರೂ ಭಾರ ಅನ್ನಿಸದು. ಆದರೆ ಫೋಟೊದಲ್ಲಿ ಕೊಡುವ ಸಲೀಸು ವಿಡಿಯೊದಲ್ಲಿ ಕೊಡುವುದಿಲ್ಲ.

ಡಯಲ್ ಒಂದೇ. ಎಂ (ಮ್ಯಾನುಯಲ್) ಮೋಡ್‌ನಲ್ಲಿ ಅದನ್ನು ತಿರುಗಿಸಿದರೆ ಶಟರ್ ವೇಗ, ಅಂದರೆ ಬೆಳಕು ಒಳಬರುವ ಹೊತ್ತು ಬದಲಾಗುತ್ತದೆ. ಅಪರ್ಚರ್, ಅಂದರೆ ಲೆನ್ಸ್‌ನ ಕಿಂಡಿ ಬದಲಿಸಲು (ಎಫ್ ಸಂಖ್ಯೆ ಹೆಚ್ಚಿದಷ್ಟು ಕಿಂಡಿ ಚಿಕ್ಕದು) ಹಿಂಬದಿಯ ಎವಿ ಗುಂಡಿ ಒತ್ತಿಹಿಡಿದು ಅದೇ ಡಯಲ್ ತಿರುಗಿಸಬೇಕು. ಕೈ ಪಳಗಲು ಸಮಯ ಬೇಕು. ಮೊದಮೊದಲು ಲೈವ್ ವ್ಯೂನಲ್ಲೇ (ಹಿಂಬದಿಯ ಪರದೆ ನೋಡುತ್ತಾ) ಅಭ್ಯಾಸ ಮಾಡಿ: ಮೂರು ಟಕ್ ತಿರುಗಿಸಿದರೆ ಒಂದು ಸ್ಟಾಪ್, ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ. ಆ ವ್ಯತ್ಯಾಸ ಪರದೆಯ ಮೇಲೆ ಆಗಲೇ ಕಾಣುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಅದನ್ನು ಹೇಳುವುದು ಮೀಟರ್ (ಬೆಳಕಿನ ಅಳತೆಪಟ್ಟಿ) ಮಾತ್ರ.

ಆ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ರಾತ್ರಿಯ ಯಕ್ಷಗಾನ ತೆಗೆಯುವಾಗ ಹಿಂದಿನ ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿದು ಅದು ಹೆಚ್ಚು ಬೆಳಕು ಕೇಳುತ್ತದೆ. ಸೊನ್ನೆಗೆ ಹೊಂದಿಸಿದರೆ ಮುಖವರ್ಣಿಕೆ, ಕಿರೀಟದ ಹೊಳಪು ಎರಡೂ ಬೆಳ್ಳಗೆ ಸುಟ್ಟುಹೋಗುತ್ತವೆ. 50 ಎಂಎಂ ಎಫ್/1.8 ಲೆನ್ಸ್‌ನಲ್ಲಿ ಎಫ್/2, 1/250 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 1600ರಿಂದ ಶುರುಮಾಡಿ, ಮೀಟರ್ ಒಂದು ಸ್ಟಾಪ್ ಕೆಳಗಿದ್ದರೂ ಹಿಸ್ಟೋಗ್ರಾಂನ (ಚಿತ್ರದ ಬೆಳಕು-ನೆರಳಿನ ನಕ್ಷೆ) ಬಲತುದಿ, ಅಂದರೆ ಬಿಳುಪಿನ ಭಾಗ ನೋಡಿ ತೀರ್ಮಾನಿಸಿ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳುಪು ಮರಳಿ ಬರುವುದಿಲ್ಲ.

ಜೊತೆಗೆ ಬರುವ 18-55 ಎಂಎಂ ಕಿಟ್ ಲೆನ್ಸ್‌ನ ಅತಿ ದೊಡ್ಡ ಕಿಂಡಿ 18ರಲ್ಲಿ ಎಫ್/4, 55ರಲ್ಲಿ ಎಫ್/5.6. ಎಫ್/4 ಇಟ್ಟು ಜೂಮ್ ಮಾಡಿದರೆ ಒಂದು ಸ್ಟಾಪ್ ಕತ್ತಲಾಗುವುದು ಇದಕ್ಕೇ. ವಿಡಿಯೊದಲ್ಲಿ ಜೂಮ್ ಮಾಡುವುದಿದ್ದರೆ ಮೊದಲೇ 5.6ಕ್ಕೆ ಇಟ್ಟುಬಿಡಿ.

ವಿಡಿಯೊಗೆ ಮೊದಲು ಮಾಡಬೇಕಾದದ್ದು ಮೆನುವಿನಲ್ಲಿ ವಿಡಿಯೊ ಸಿಸ್ಟಂ ಪಾಲ್‌ಗೆ ಬದಲಿಸುವುದು. ನಮ್ಮ ಕರೆಂಟ್ 50 ಹರ್ಟ್ಸ್, ಪಾಲ್ ಅದಕ್ಕೆ ಹೊಂದುತ್ತದೆ. 60 ಹರ್ಟ್ಸ್‌ಗೆ ಹೊಂದುವ ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 30 ಫ್ರೇಮ್, 1/60 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟಿಗಳು ಓಡುತ್ತವೆ. 25 ಫ್ರೇಮ್‌ಗೆ 1/50 ಇಡಿ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ. ಶಾಟ್‌ನ ನಡುವೆ ಬಣ್ಣ ಜಾರುತ್ತದೆ.

ಬಿಸಿಲಿನಲ್ಲಿ ಈ 1/50 ಕಾಡುತ್ತದೆ. ಐಎಸ್‌ಒ 100ರಲ್ಲೂ ಎಫ್/22 ಬೇಕಾಗುತ್ತದೆ, ಅಷ್ಟು ಚಿಕ್ಕ ಕಿಂಡಿಯಲ್ಲಿ ಚಿತ್ರ ಮೊಂಡಾಗುತ್ತದೆ. 50 ಎಂಎಂ ಲೆನ್ಸ್‌ನಲ್ಲಿ ಎಫ್/2.8ಕ್ಕೆ ಇಳಿಯಲು ಆರು ಸ್ಟಾಪ್ ಬೆಳಕು ತಡೆಯುವ ಎನ್‌ಡಿ64 ಫಿಲ್ಟರ್ ಹಾಕಬೇಕು. ಕಿಟ್ ಲೆನ್ಸ್‌ನ ಫಿಲ್ಟರ್ ಅಳತೆ 58 ಎಂಎಂ, ಆ 50 ಎಂಎಂ (ಎಸ್‌ಟಿಎಂ) ಲೆನ್ಸ್‌ನದು 49. 58ರದ್ದೊಂದೇ ಕೊಂಡು 49-58 ಸ್ಟೆಪ್-ಅಪ್ ರಿಂಗ್ ಹಾಕಿಕೊಂಡರೆ ಎರಡಕ್ಕೂ ಆಗುತ್ತದೆ.

4ಕೆ ನೋಡಿ ಇದನ್ನು ಕೊಳ್ಳಬೇಡಿ. ಫ್ರೇಮ್ ವಿಪರೀತ ಕ್ರಾಪ್ ಆಗುತ್ತದೆ, ಚಿಕ್ಕ ಕೋಣೆಯಲ್ಲಿ 18 ಎಂಎಂ ಕೂಡ ಸಾಲದು; ಕ್ಯಾನನ್‌ನ ವೇಗದ ಆಟೋಫೋಕಸ್ ಆದ ಡ್ಯುಯಲ್ ಪಿಕ್ಸೆಲ್ ಫೋಕಸ್ ಸಹ ಅಲ್ಲಿ ಕೆಲಸ ಮಾಡುವುದಿಲ್ಲ. ಫುಲ್ ಎಚ್‌ಡಿಯಲ್ಲಿ ಅದೇ ಫೋಕಸ್ ಬಹಳ ನಂಬಿಕೆಯದು. ಮೈಕ್ ಜ್ಯಾಕ್ ಇದೆ, ಹೆಡ್‌ಫೋನ್ ಜ್ಯಾಕ್ ಇಲ್ಲ. ಚಿಕ್ಕ ಕ್ಲಿಪ್ ರೆಕಾರ್ಡ್ ಮಾಡಿ ಕೇಳಿ ನೋಡಿಯೇ ಮುಂದುವರಿಯಿರಿ.

ಫ್ಲ್ಯಾಶ್ ಕೊಳ್ಳುವವರು ಗಮನಿಸಿ: ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ಮಧ್ಯದ ಪಿನ್ ಇದರಲ್ಲಿಲ್ಲ. ಆ ಒಂದೇ ಪಿನ್ ನಂಬಿದ ಅಗ್ಗದ ಮ್ಯಾನುಯಲ್ ಫ್ಲ್ಯಾಶ್, ಟ್ರಿಗರ್ ಯಾವುದೂ ಉರಿಯುವುದಿಲ್ಲ. ಕ್ಯಾನನ್‌ನ ಸ್ವಯಂಚಾಲಿತ ಫ್ಲ್ಯಾಶ್ ವ್ಯವಸ್ಥೆ ಇ-ಟಿಟಿಎಲ್‌ಗೆ ಹೊಂದುವಂಥದ್ದನ್ನೇ, ಅಂಗಡಿಯಲ್ಲಿ ಈ ಬಾಡಿಗೇ ಸಿಕ್ಕಿಸಿ ಉರಿಸಿ ನೋಡಿ ತನ್ನಿ.