ಪೈಥಾನ್, ರಸ್ಟ್ ಮತ್ತು ನಮ್ಮ ಐನ್‌ಮನೆ

ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು ಮನೆಯಲ್ಲಿ ಹದಿನಾಲ್ಕಿವೆ. ಇವತ್ತು ಎಷ್ಟು ಇಂಚು, ಎಷ್ಟು ಸೆಂಟ್, ಕಾಫಿಗೆ ಹೂಮಳೆ ಯಾವತ್ತು ಬಿತ್ತು, ಅಷ್ಟೇ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಪ್ರೋಗ್ರಾಂ ಬರೆಯಲು ಕೂತವಳು ಒಂದೇ ಕೆಲಸವನ್ನು ಪೈಥಾನಿನಲ್ಲೊಮ್ಮೆ, ರಸ್ಟಿನಲ್ಲೊಮ್ಮೆ ಮಾಡಿದೆ. ಎರಡೂ ಪ್ರೋಗ್ರಾಂ ಬರೆಯುವ ಭಾಷೆಗಳು, ಊರೂರಿನ ಜನ ಬಳಗ ಕಟ್ಟಿಕೊಂಡು ಬೆಳೆಸುವಂಥವು. ಜೊತೆಗೆ ಎರಡಕ್ಕೂ ಸಣ್ಣಪುಟ್ಟ ತಿದ್ದುಪಡಿ ಕಳಿಸಿದೆ. ಯಾವುದು ವೇಗ ಅಂತ ಬರೆದವರು ಬೇಕಾದಷ್ಟಿದ್ದಾರೆ. ಭಾಗಮಂಡಲದ ಹತ್ತಿರ ತೋಟದ ಮನೆಯಲ್ಲಿ ಕೂತು, ಮನೆಯವರ ಜೊತೆ ಅರೆಭಾಷೆ ಆಡುವ ನನ್ನಂಥವಳಿಗೆ ಆ ಬಳಗಗಳಲ್ಲಿ ಜಾಗ ಎಷ್ಟು, ಯಜಮಾನಿಕೆ ಯಾರದ್ದು ಎಂಬುದು ನನ್ನ ಕುತೂಹಲ.

ಇದಕ್ಕೆ ಹಿನ್ನೆಲೆ ಇದೆ. ಇವೆರಡಕ್ಕೂ ಮೊದಲು ಒಂದು ಪುಟ್ಟ ಭಾಷೆಗೆ ಕೈ ಹಾಕಿದ್ದೆ, ಹೆಸರು ಬೇಡ. ಒಬ್ಬರೇ ಯಜಮಾನರು. ನನ್ನ ತಿದ್ದುಪಡಿಯ ಕೆಳಗೆ ಯಾರೋ ‘ಮೊದಲು ಇಂಗ್ಲಿಷ್ ಕಲಿತು ಬಾ’ ಎಂದು ಬರೆದರು. ಯಜಮಾನರು ಅದಕ್ಕೆ ನಗುಮುಖದ ಚಿಹ್ನೆ ಒತ್ತಿ ಹೋದರು. ದೂರು ಎಲ್ಲಿ ಕೊಡುವುದೆಂದು ಹುಡುಕಿದರೆ ಸಿಕ್ಕಿದ್ದು ಅದೇ ಯಜಮಾನರ ವಿಳಾಸ! ಅಂದಿನಿಂದ ಯಾವ ಬಳಗಕ್ಕೆ ಹೋದರೂ ಮೊದಲು ನೋಡುವುದು ಒಂದನ್ನೇ: ಹಿರಿಯರೇ ತಪ್ಪಿದರೆ ಕೇಳುವವರು ಯಾರು?

ಪೈಥಾನಿಗೂ ಬಹುಕಾಲ ಒಬ್ಬರೇ ಯಜಮಾನರಿದ್ದರು, ಗೀಡೊ ವಾನ್ ರೋಸಮ್. ಪ್ರೀತಿಯಿಂದಲೇ ‘ಜೀವನಪರ್ಯಂತದ ದಯಾಳು ಸರ್ವಾಧಿಕಾರಿ’ ಅನ್ನುತ್ತಿದ್ದರು. ಪೆಪ್ 572 ಎಂಬ ಪ್ರಸ್ತಾವನೆಯ ಮೇಲೆ, ಅಂದರೆ ‘:=’ ಎಂಬ ಪುಟ್ಟ ಚಿಹ್ನೆಯ ಮೇಲೆ, ಎದ್ದ ಜಗಳಕ್ಕೆ ಬೇಸತ್ತು 2018ರ ಜುಲೈನಲ್ಲಿ ಅವರು ಕೆಳಗಿಳಿದರು. ಮುಂದಿನವರು ಇಂಥವರೇ ಎಂದು ಹೇಳಿಯೂ ಹೋಗಲಿಲ್ಲ. ಹಿರಿಯರು ಹೀಗೆ ಎದ್ದು ನಡೆದರೆ ನಮ್ಮ ಕಡೆ ಪಾಲಿನ ವ್ಯಾಜ್ಯ ಮಡಿಕೇರಿ ಕೋರ್ಟು ಹತ್ತುತ್ತದೆ. ಅವರು ಹಾಗಾಗಲು ಬಿಡಲಿಲ್ಲ. ಏಳು ಬಗೆಯ ಆಡಳಿತದ ಕರಡು ಮುಂದಿಟ್ಟುಕೊಂಡು ಕೋರ್ ಡೆವಲಪರುಗಳು, ಅಂದರೆ ಭಾಷೆಯ ಕೋಡಿಗೆ ನೇರ ಕೈ ಹಾಕುವ ಹಕ್ಕಿರುವವರು, ಮತ ಹಾಕಿದರು. ಐದು ಜನರ ಸ್ಟೀರಿಂಗ್ ಕೌನ್ಸಿಲ್ ಬಂತು. 2019ರ ಮೊದಲ ಕೌನ್ಸಿಲ್‌ನಲ್ಲಿ ಗೀಡೊ ಕೂಡ ಐವರಲ್ಲಿ ಒಬ್ಬರು, ಪಕ್ಕದಲ್ಲಿ ಕೋರ್ ಡೆವಲಪರ್ ಕ್ಯಾರಲ್ ವಿಲ್ಲಿಂಗ್ ಎಂಬ ಮಹಿಳೆ. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಮೂರನೇ ಎರಡರಷ್ಟು ಮತ ಬಿದ್ದರೆ ಕೌನ್ಸಿಲ್ಲೇ ಮನೆಗೆ. ನನ್ನ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಕ್ಕಿಲ್ಲ.

ಹಾಗಂತ ಎಲ್ಲ ನಯವಾಗಿ ನಡೆಯುತ್ತದೆ ಅನ್ನಲಾರೆ. 2024ರ ಆಗಸ್ಟಿನಲ್ಲಿ ದಶಕಗಳಷ್ಟು ಹಳೆಯ ಡೆವಲಪರ್ ಒಬ್ಬರನ್ನು ಮಾತಿನ ಧಾಟಿಯ ಕಾರಣಕ್ಕೆ ಮೂರು ತಿಂಗಳು ಹೊರಗಿಟ್ಟರು. ಅದು ಅತಿಯಾಯಿತು ಎಂದವರು ಬಹಳ. ನನಗೂ ಸ್ವಲ್ಪ ಹಾಗೇ ಅನ್ನಿಸಿತು. ಆದರೆ 2025ರಲ್ಲಿ ಪೈಥಾನ್ ಪ್ರತಿಷ್ಠಾನ ಅಮೆರಿಕ ಸರ್ಕಾರದ 15 ಲಕ್ಷ ಡಾಲರ್ ಅನುದಾನದ ಅರ್ಜಿಯನ್ನೇ ವಾಪಸ್ ಪಡೆಯಿತಲ್ಲ, ಎಲ್ಲರನ್ನೂ ಒಳಗೊಳ್ಳುವ ಕೆಲಸ ಬಿಡಬೇಕೆಂಬ ಷರತ್ತು ಒಪ್ಪದೆ, ಆಗ ಮನಸ್ಸಿನಲ್ಲೇ ಕೈಮುಗಿದೆ.

ರಸ್ಟಿನ ಕಥೆ ತಿರುಗಾಮುರುಗಾ. ಬಾಗಿಲಲ್ಲಿ ಸಿಗುವ ಆದರ ಅಲ್ಲಿ ಹೆಚ್ಚು. ಪೈಥಾನಿಗೆ ಕೋಡ್ ಕಳಿಸುವ ಮುನ್ನ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು, ರಸ್ಟಿಗೆ ಅದೂ ಬೇಡ. ಹೊಸಬರಿಗೆ ಸುಲಭವಾದ ಕೆಲಸಗಳಿಗೆ ಬೇರೆ ಚೀಟಿ ಅಂಟಿಸಿರುತ್ತಾರೆ, ಕೈಹಿಡಿದು ಹೇಳಿಕೊಡಲು ಜನ ಇರುವ ಕೆಲಸಕ್ಕೆ ಮತ್ತೊಂದು ಚೀಟಿ. ನಾನು ಕಳಿಸಿದ್ದು ಒಂದು ದೋಷಸಂದೇಶದ ಪದಜೋಡಣೆ. ಅದನ್ನು ಪರಿಶೀಲಿಸುವವರನ್ನು ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂ ತಾನೇ ಗೊತ್ತುಮಾಡಿತು, ಅವರು ಮೊದಲ ಸಾಲಿನಲ್ಲೇ ಥ್ಯಾಂಕ್ಸ್ ಹೇಳಿ ಆಮೇಲೆ ತಪ್ಪು ತೋರಿಸಿದರು.

ಒಳಮನೆಯಲ್ಲಿ ಮಾತ್ರ ಬಿರುಕು ಕಂಡಿತ್ತು. 2021ರ ನವೆಂಬರಿನಲ್ಲಿ ನಡವಳಿಕೆ ನೋಡಿಕೊಳ್ಳುವ ತಂಡ ಇಡಿಯಾಗಿ ರಾಜೀನಾಮೆ ಕೊಟ್ಟಿತು. ಕಾರಣ ಕೇಳಿದರೆ ನನ್ನ ಹಳೆಯ ಗಾಯವೇ: ರಸ್ಟಿನ ಯಜಮಾನಿಕೆ ನೋಡುತ್ತಿದ್ದ ಕೋರ್ ತಂಡ ತನ್ನನ್ನು ಬಿಟ್ಟು ಯಾರಿಗೂ ಉತ್ತರ ಕೊಡಬೇಕಿರಲಿಲ್ಲ. ದುರಸ್ತಿಗೆ ಒಂದೂವರೆ ವರ್ಷ ಹಿಡಿಯಿತು. 2023ರ ಜೂನಿನಲ್ಲಿ ಲೀಡರ್‌ಶಿಪ್ ಕೌನ್ಸಿಲ್ ಬಂತು. ಮುಖ್ಯ ತಂಡ ಒಂದೊಂದರಿಂದ ಒಬ್ಬೊಬ್ಬರು. ನಮ್ಮೂರ ಸಭೆಗೆ ಕುಟುಂಬಕ್ಕೊಬ್ಬರು ಹೋಗುವ ಹಾಗೆ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ವಿಷಯ, ಕರೆಂಟು ಮತ್ತು ಕಂಪ್ಯೂಟರಿನ ತಾಕತ್ತು. ರಸ್ಟ್ ಕಂಪೈಲರ್ (ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಪ್ರೋಗ್ರಾಂ) ಮೇಲೆ ಕೆಲಸ ಮಾಡಲು 30 ಜಿಬಿ ಜಾಗ ಖಾಲಿ ಇಟ್ಟುಕೊಳ್ಳಿ ಅನ್ನುತ್ತದೆ ಅವರದೇ ಮಾರ್ಗದರ್ಶಿ. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಇಲ್ಲಿ ಮೂರು ದಿನ ಕತ್ತಲು. ಲ್ಯಾಪ್‌ಟಾಪು ಯುಪಿಎಸ್ ಮೇಲೆ ಬಿಲ್ಡ್ ಮಾಡುತ್ತಾ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ಕಟ್ಟುತ್ತಾ, ಅರ್ಧದಲ್ಲಿ ಆರಿಹೋಗುವುದನ್ನು ಎರಡು ಸಲ ನೋಡಿದೆ. ಪೈಥಾನ್ ಬಿಲ್ಡ್ ಒಲೆಯ ಮೇಲಿನ ಕಾಫಿ ಉಕ್ಕುವಷ್ಟರಲ್ಲಿ ಮುಗಿಯುತ್ತದೆ. ನಡವಳಿಕೆ ಸಂಹಿತೆಯಲ್ಲಿ ಲಿಂಗ, ಜನಾಂಗ, ಧರ್ಮ ಎಲ್ಲ ಬರುತ್ತವೆ. ಹಳೇ ಲ್ಯಾಪ್‌ಟಾಪಿನವರು ಎಲ್ಲೂ ಬರುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಪೈಥಾನ್ ಮುಂದಿತ್ತು. 2007ರ ಪೆಪ್ 3131ರ ಪುಣ್ಯದಿಂದ ಪೈಥಾನ್ 3ರಲ್ಲಿ ‘ಮಳೆ = 12’ ಎಂದು ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ರಸ್ಟಿಗೆ ಅದು ಬಂದದ್ದು 2021ರಲ್ಲಿ, 1.53ನೇ ಆವೃತ್ತಿಯಲ್ಲಿ. ಖುಷಿಯಿಂದ ‘ಇಂಚು’, ‘ಸೆಂಟ್’, ‘ಹೂಮಳೆ’ ಎಲ್ಲ ಬರೆದೆ. ‘ಐನ್‌ಮನೆ’ (ಕುಟುಂಬದ ಮೂಲಮನೆ) ಬರೆದೆ ನೋಡಿ, ಪೈಥಾನ್ ಕ್ಯಾತೆ ತೆಗೆಯಿತು: ಕಣ್ಣಿಗೆ ಕಾಣದ ಅಕ್ಷರ, ಯು+200ಸಿ. ‘ನ್’ ಮತ್ತು ‘ಮ’ ಒತ್ತಾಗದಂತೆ ನಡುವೆ ನಾವು ಹಾಕುವ ಆ ಅಡ್ಡಗೋಡೆ ಹೆಸರುಗಳಲ್ಲಿ ನಿಷಿದ್ಧ. ರಸ್ಟಿನ ಕೈಪಿಡಿಯಲ್ಲೂ ಅದೇ ನಿಯಮ. ಕಾಣದ ಅಕ್ಷರ ಬಿಟ್ಟರೆ ಮೋಸಕ್ಕೆ ದಾರಿ ಎಂಬ ಭಯ ನನಗೂ ಅರ್ಥವಾಗುತ್ತದೆ. ಆದರೂ ಗೋಡೆ ತೆಗೆದು ‘ಐನ್ಮನೆ’ ಮಾಡಿದ ದಿನ ಅಪ್ಪ ಹಿಂದೆ ನಿಂತು ನೋಡಿ, “ಏನು ಮಗಳೇ, ಮನೆ ಹೆಸರೇ ತಪ್ಪು ಬರೆದಿದ್ದೀಯ?” ಅಂದರು.

ಇದನ್ನು ಬದಲಿಸಿ ಎಂದು ಕೇಳುವುದಾದರೆ ಎಲ್ಲಿ? ಪೈಥಾನಿನಲ್ಲಿ ಹೊರಗಿನವಳು ಪೆಪ್ ಬರೆಯಲು ಕೋರ್ ಡೆವಲಪರ್ ಒಬ್ಬರು ಬೆನ್ನಿಗೆ ನಿಲ್ಲಬೇಕು. ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ರಸ್ಟಿನಲ್ಲಿ ಆರ್‌ಎಫ್‌ಸಿಯನ್ನು (ಅಲ್ಲಿನ ಬದಲಾವಣೆಯ ಪ್ರಸ್ತಾವನೆ) ಯಾರು ಬೇಕಾದರೂ ಹಾಕಬಹುದು. ಆಡಳಿತ ಪೈಥಾನಿನದೇ ಗಟ್ಟಿ ಎನ್ನುತ್ತಲೇ ಕರಡನ್ನು ರಸ್ಟಿಗೆ ಬರೆದಿಟ್ಟಿದ್ದೇನೆ. ಕೊನೆಯ ಆಕ್ಷೇಪಗಳಿಗೆ ಅವರು ಕೊಡುವುದು 10 ದಿನ. ಈ ಮಳೆಯಲ್ಲಿ 10 ದಿನ ಬಿಡದೆ ನೆಟ್‌ವರ್ಕ್ ಸಿಗುವ ನಂಬಿಕೆ ನನಗಿಲ್ಲ, ತುಲಾ ಸಂಕ್ರಮಣ ಕಳೆದ ಮೇಲೆ ಕಳಿಸುತ್ತೇನೆ.