ಲಾಕಿಂಗ್ ಟ್ಯೂನರ್ ಹಾಕಿದ್ದಾಯ್ತು, ಕೆಲಸ ಮಾಡಿದ್ದು ನಟ್

ನನ್ನದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಸಾಧಾರಣ ಎಲೆಕ್ಟ್ರಿಕ್ ಗಿಟಾರ್. ಟ್ರೆಮೊಲೊ, ಅಂದ್ರೆ ತಂತಿ ಸಡಿಲಿಸಿ ಸ್ವರ ಬಾಗಿಸುವ ಕಡ್ಡಿ, ಒಂದು ಸಲ ಒತ್ತಿದರೆ ಸಾಕು, ಜಿ ತಂತಿ ಶ್ರುತಿ ಬಿಡುತ್ತಿತ್ತು. ಅದಕ್ಕೇ ಎರಡು ಭಾಗ ತರಿಸಿ ಮನೆಯಲ್ಲೇ ಹಾಕಿದೆ: ಒಂದು ಸೆಟ್ ಲಾಕಿಂಗ್ ಟ್ಯೂನರ್ (ತಂತಿಯನ್ನು ಬಿಗಿಹಿಡಿಯುವ ಶ್ರುತಿ ತಿರುಪು), ಮತ್ತೆ ಗ್ರಾಫ್ ಟೆಕ್ ಕಂಪನಿಯ ಟಸ್ಕ್ ಎಕ್ಸ್‌ಎಲ್ ನಟ್. ನಟ್ ಅಂದ್ರೆ ಗಿಟಾರಿನ ಕತ್ತು ಮುಗಿದು ತಲೆ ಶುರುವಾಗುವಲ್ಲಿ ತಂತಿಗಳು ಹಾದುಹೋಗುವ ಪಟ್ಟಿ.

ಟ್ಯೂನರ್ ಚೆನ್ನಾಗಿದೆ. ಹಿಂಬದಿಯ ಚಕ್ರ ತಿರುಗಿಸಿದರೆ ಒಳಗಿನ ಪಿನ್ ತಂತಿಯನ್ನು ಅದುಮಿ ಹಿಡಿಯುತ್ತದೆ. ಕಂಬಕ್ಕೆ ಎರಡು ಮೂರು ಸುತ್ತು ಹಾಕುವ ಕೆಲಸವೇ ಇಲ್ಲ, ಅರ್ಧ ಸುತ್ತಿಗೆಲ್ಲ ಶ್ರುತಿ ಬಂದುಬಿಡುತ್ತದೆ. ತಂತಿ ಬದಲಾಯಿಸುವುದು ಎಷ್ಟು ಸಲೀಸು ಅಂದ್ರೆ, ಅದೊಂದಕ್ಕೇ ಇದನ್ನು ಕೊಳ್ಳಬಹುದು. ಗೇರ್ 18:1, ಅಂದ್ರೆ ಗುಂಡಿ 18 ಸುತ್ತು ತಿರುಗಿದರೆ ಕಂಬ ಒಂದು ಸುತ್ತು. ಸಣ್ಣ ವ್ಯತ್ಯಾಸವನ್ನೂ ಸರಿಮಾಡಬಹುದು.

ಸಿಟ್ಟು ಬಂದಿದ್ದು ಜೊತೆಗೆ ಕೊಟ್ಟ ಸ್ಕ್ರೂಗಳ ಮೇಲೆ. ಬೆಣ್ಣೆಯಂಥ ಲೋಹ. ರಂಧ್ರ ಮೊದಲೇ ಕೊರೆದು, ಸ್ಕ್ರೂಗೆ ಮೇಣ ಸವರಿ ತಿರುಗಿಸಿದರೂ ಒಂದರ ತಲೆ ಸವೆದೇ ಹೋಯ್ತು. ಇಷ್ಟು ಒಳ್ಳೆ ಟ್ಯೂನರ್ ಮಾಡುವವರು ಸ್ಕ್ರೂನಲ್ಲಿ ಯಾಕಪ್ಪ ಜುಗ್ಗತನ ಮಾಡ್ತಾರೆ! ಕೊಳ್ಳುವ ಮೊದಲು ಹೆಡ್‌ಸ್ಟಾಕ್‌ನ, ಅಂದ್ರೆ ಗಿಟಾರಿನ ತಲೆಯ, ರಂಧ್ರ ಅಳೆದು ನೋಡಿ. ಈಗಿನವು ಸಾಮಾನ್ಯವಾಗಿ 10 ಮಿ.ಮೀ., ಹಳೆ ಮಾದರಿಯವು ಇನ್ನೂ ಸಣ್ಣ. ಟ್ಯೂನರ್ ಅಲುಗದಂತೆ ಹಿಂಬದಿಯಲ್ಲಿ ಹಿಡಿಸಲು ಸ್ಕ್ರೂ ಬರುತ್ತಾ, ಪಿನ್ ಬರುತ್ತಾ ಅನ್ನೋದನ್ನೂ ನೋಡಿಕೊಳ್ಳಿ.

ಆದರೆ ಬರೀ ಟ್ಯೂನರ್ ಹಾಕಿದಾಗ ಜಿ ತಂತಿಯ ಹಠ ಹೆಚ್ಚೇನೂ ಕಡಿಮೆ ಆಗಲಿಲ್ಲ. ಶ್ರುತಿ ಏರಿಸುವಾಗ ತಲೆಯ ಕಡೆಯಿಂದ ‘ಟಿಣ್’ ಅಂತ ಸದ್ದು ಬರುತ್ತಿದ್ದರೆ, ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಎಳೆತ ಹೆಚ್ಚಿ ಒಮ್ಮೆಲೇ ಜಾರಿದಾಗ ಬರುವ ಸದ್ದದು. ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ ನೋಡಿ. ಶ್ರುತಿ ಸುಧಾರಿಸಿದರೆ ಕಳ್ಳ ಸಿಕ್ಕಿದ ಹಾಗೇ ಅಲ್ವಾ?

ಟಸ್ಕ್ ಎಕ್ಸ್‌ಎಲ್ ಒಳಗೇ ಪಿಟಿಎಫ್‌ಇ, ಅಂದ್ರೆ ಅಂಟದ ಬಾಣಲೆಗೆ ಬಳಿಯುವ ವಸ್ತು, ಬೆರೆತಿರುತ್ತದೆ. ಹಾಗಾಗಿ ತಂತಿ ಸರಾಗವಾಗಿ ಜಾರುತ್ತದೆ. ಕಚ್ಚುಗಳನ್ನು ಕೊರೆದೇ ಕೊಡುತ್ತಾರೆ. ಆದರೂ ಎತ್ತರ ನಾವೇ ಹೊಂದಿಸಬೇಕು. ಹಳೆ ನಟ್‌ನ ಅಂಚಿನ ವಾರ್ನಿಶ್‌ಗೆ ಬ್ಲೇಡಿನಿಂದ ಗೀರಿ, ಪಕ್ಕದಿಂದ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದೆ, ಜಾರಿ ಬಂತು. ಹೊಸದನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ತಳ ಕೊಟ್ಟು ಉಜ್ಜುವುದು. ಸ್ವಲ್ಪ ಉಜ್ಜಿ, ಕೂರಿಸಿ, ತಂತಿ ಬಿಗಿದು, ಮತ್ತೆ ಬಿಚ್ಚಿ. ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ನಡುವೆ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕಾಗದದ ಎಳೆಯಷ್ಟು ಸಂದು ಉಳಿಯಬೇಕು. ಅದಕ್ಕಿಂತ ಜಾಸ್ತಿ ಉಜ್ಜಿದರೆ ಬೆರಳಿಂದ ಒತ್ತದೆ ಬಿಟ್ಟ ತಂತಿ ಝೇಂಕರಿಸುತ್ತದೆ, ಹೊಸ ನಟ್ ತರಬೇಕಾಗುತ್ತದೆ. ಅಂಟು ಒಂದೆರಡು ಹನಿ ಸಾಕು, ಮುಂದೊಂದು ದಿನ ಕೀಳಬೇಕಲ್ಲ.

ಈಗ ಟ್ರೆಮೊಲೊ ಒತ್ತಿ ಬಿಟ್ಟರೆ ಜಿ ತಂತಿ ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ.

ಎಲ್ಲರೂ ಮೊದಲು ಪಿಕಪ್ (ತಂತಿಯ ಕಂಪನ ಹಿಡಿದು ವಿದ್ಯುತ್ ಸಂಕೇತ ಮಾಡುವ ಭಾಗ) ಬದಲಾಯಿಸು ಅಂತಾರೆ. ಶ್ರುತಿಯೇ ನಿಲ್ಲದ ಗಿಟಾರ್‌ಗೆ ದುಬಾರಿ ಪಿಕಪ್ ಹಾಕಿ ಏನು ಬಂತು? ಒಂದೇ ಭಾಗಕ್ಕೆ ದುಡ್ಡಿದ್ದರೆ ನಟ್ ತಗೊಳ್ಳಿ. ಟ್ಯೂನರ್ ಸೆಟ್ ಇನ್ನೊಮ್ಮೆ ಕೊಳ್ಳುತ್ತೀಯಾ ಅಂದ್ರೆ, ಕೊಳ್ಳುತ್ತೇನೆ. ಸ್ಕ್ರೂ ಮಾತ್ರ ಬೇರೆ ತರುತ್ತೇನೆ.